ಲಿವರ್‌ನಲ್ಲಿ ಕೊಬ್ಬು, ರಿಪೋರ್ಟಿನಲ್ಲಿ ಫೈಬ್ರಿನೋಜನ್ ಜಾಸ್ತಿ: ಎರಡಕ್ಕೂ ಎಂತ ಸಂಬಂಧ?

ಬಿಜೈ_ಬಾಡಿಗೆಮನೆ
ಎಲ್ಲರಿಗೂ ನಮಸ್ಕಾರ. ಪ್ರಾಯ 46, ತೂಕ 84 ಕೆಜಿ, ಮಂಗಳೂರಲ್ಲಿ ಆಫೀಸ್ ಕೆಲಸ, ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲೇ. ಕುಡಿಯುವ ಅಭ್ಯಾಸ ಇಲ್ಲ (ನಂಬಿ ಮಾರಾಯ್ರೆ, ಮನೆಯವಳೂ ಮೊದಲು ಇದನ್ನೇ ಕೇಳಿದ್ದು). ಕಂಪೆನಿಯವರು ವರ್ಷಕ್ಕೊಮ್ಮೆ ಮಾಡಿಸುವ ಚೆಕಪ್‌ನಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬರೆದುಕೊಟ್ಟರು. ಅದು ಬಿಡಿ, ಆಫೀಸಿನಲ್ಲಿ ಅರ್ಧ ಜನಕ್ಕೆ ಅದು ಉಂಟು.

ನನ್ನ ತಲೆ ತಿಂದದ್ದು ಬೇರೆ ವಿಷಯ. ಪ್ಯಾಕೇಜ್‌ನಲ್ಲಿ ಎಂತೆಂತದೋ ಟೆಸ್ಟ್ ಸೇರಿಸಿದ್ದರು. ಅದರಲ್ಲಿ ಫೈಬ್ರಿನೋಜನ್ ಅಂತ ಒಂದು. ನನ್ನದು 468, ಪಕ್ಕದಲ್ಲಿ 200ರಿಂದ 400 ಅಂತ ಉಂಟು, ದಪ್ಪ ಅಕ್ಷರದಲ್ಲಿ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಅಂತೆ. ಅದನ್ನು ಮಾಡುವುದು ಲಿವರ್ ಅಂತೆ. ನನ್ನ ಪ್ರಶ್ನೆ ಇಷ್ಟೇ. ಲಿವರ್ ಹಾಳಾಗಿದ್ದರೆ ಅದು ಮಾಡುವ ಸಾಮಾನು ಕಮ್ಮಿ ಆಗಬೇಕಲ್ಲ? ಜಾಸ್ತಿ ಹೇಗೆ ಆಯಿತು? ಡಾಕ್ಟರನ್ನು ಕೇಳಿದರೆ "ತೂಕ ಇಳಿಸಿ, ಅನ್ನ ಕಮ್ಮಿ ಮಾಡಿ" ಅಂದರು, ಅಷ್ಟರಲ್ಲಿ ಮುಂದಿನ ಟೋಕನ್ ಕರೆದಾಯ್ತು.

ಉಳಿದದ್ದು: ಲಿವರ್‌ನ ಎನ್ಜೈಮ್‌ಗಳಾದ ಎಸ್‌ಜಿಒಟಿ 44, ಎಸ್‌ಜಿಪಿಟಿ 62, ಪ್ಲೇಟ್‌ಲೆಟ್ 2.35 ಲಕ್ಷ, ಪಿಟಿ-ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಲೆಕ್ಕ, ಜಾಸ್ತಿಯಾದಷ್ಟೂ ನಿಧಾನ) 1.0. ಗೊತ್ತಿದ್ದವರು ಹೇಳಿ.

ಗಡ್‌ಬಡ್_ಪ್ರಿಯ
ಕುರ್ಚಿಯಲ್ಲಿ ಕೂತು ಕೂತು ಲಿವರೂ ಕೂತುಬಿಟ್ಟಿದೆ ಅಣ್ಣ.

ಹೆಬ್ರಿ_ತೋಟದವ
ನನಗೂ ಗ್ರೇಡ್ 1 ಅಂತ ಬಂದಿತ್ತು. ಅಜ್ಜಿ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಒಂದು ವಾರ. ಆಮೇಲೆ ನಾನು ಟೆಸ್ಟ್ ಮಾಡಿಸಲೇ ಇಲ್ಲ, ಹಾಗಾಗಿ ಗುಣವಾಗಿದೆ ಅಂತ ಲೆಕ್ಕ.

ಲ್ಯಾಬಿನವಳು_ಉಡುಪಿ
ನಾನು ಹದಿನಾಲ್ಕು ವರ್ಷದಿಂದ ಲ್ಯಾಬ್‌ನಲ್ಲಿ ಇದ್ದೇನೆ, ಡಾಕ್ಟರ್ ಅಲ್ಲ. ಮೊದಲು ಒಂದು ಪ್ರಶ್ನೆ ಸರ್, ರಕ್ತ ಕೊಟ್ಟ ವಾರ ನಿಮಗೆ ಶೀತ, ಜ್ವರ, ಹಲ್ಲುನೋವು, ಗಾಯ ಇಂಥದ್ದು ಏನಾದರೂ ಇತ್ತಾ?

ಯಾಕೆ ಕೇಳಿದೆ ಅಂದರೆ, ಫೈಬ್ರಿನೋಜನ್ ಬರೀ ಹೆಪ್ಪುಗಟ್ಟಿಸುವ ಪ್ರೋಟೀನ್ ಅಲ್ಲ. ಮೈಯಲ್ಲಿ ಎಲ್ಲಿಯಾದರೂ ಉರಿಯೂತ ಆದರೆ ಲಿವರ್‌ಗೆ ಸುದ್ದಿ ಹೋಗುತ್ತದೆ, ಲಿವರ್ ಕೂಡಲೇ ಫೈಬ್ರಿನೋಜನ್ ಜಾಸ್ತಿ ಮಾಡಲು ಶುರು ಮಾಡುತ್ತದೆ. ಗರ್ಭಿಣಿಯರಲ್ಲಿ ಜಾಸ್ತಿ. ಸಿಗರೇಟ್ ಸೇದುವವರಲ್ಲಿ ಜಾಸ್ತಿ. ಹೊಟ್ಟೆಯ ಕೊಬ್ಬು ಕೂಡ ದಿನವಿಡೀ ಅಂಥದ್ದೇ ಸುದ್ದಿ ಕಳಿಸುತ್ತಾ ಇರುತ್ತದೆ, ಸಣ್ಣ ಬೆಂಕಿಯ ಹಾಗೆ. ಅದಕ್ಕೇ ಲಿವರ್‌ನಲ್ಲಿ ಕೊಬ್ಬು ಇದ್ದೂ ಫೈಬ್ರಿನೋಜನ್ ಜಾಸ್ತಿ ಇರಬಹುದು. ನೀವು ಹೇಳಿದ "ಹಾಳಾದರೆ ಕಮ್ಮಿ" ಲೆಕ್ಕ ನಿಜ, ಆದರೆ ಅದು ಬಹಳ ಮುಂದಿನ ಹಂತಕ್ಕೆ. ಲಿವರ್ ಪೂರ್ತಿ ಗಟ್ಟಿಯಾಗಿ ಸಿರೋಸಿಸ್ ಆಗಿ, ಅದೂ ಕೈಬಿಟ್ಟ ಮೇಲೆ.

ಬಿಜೈ_ಬಾಡಿಗೆಮನೆ
ಅಯ್ಯೋ. ದವಡೆ ಹಲ್ಲು ಬಾತಿತ್ತು. ಮಾತ್ರೆ ತಿಂದುಕೊಂಡೇ ಚೆಕಪ್‌ಗೆ ಹೋದದ್ದು.

ಲ್ಯಾಬಿನವಳು_ಉಡುಪಿ
ಹಾಗಾದರೆ 468ರಲ್ಲಿ ಹಲ್ಲಿನ ಪಾಲು ಎಷ್ಟು, ಹೊಟ್ಟೆಯ ಪಾಲು ಎಷ್ಟು ಅಂತ ಯಾರೂ ಹೇಳಲಿಕ್ಕಾಗುವುದಿಲ್ಲ 🙂

ಸಂಶಯದ_ಶ್ಯಾನುಭಾಗ
ನೋಡಿ, ಇದನ್ನೇ ನಾನು ಹೇಳುವುದು. ಬೇಡದ ಟೆಸ್ಟ್ ಪ್ಯಾಕೇಜಿಗೆ ತುರುಕುವುದು, ದಪ್ಪ ಅಕ್ಷರದಲ್ಲಿ ಹೆದರಿಸುವುದು, ಆಮೇಲೆ ಜನ ಇಲ್ಲಿ ಬಂದು ತಲೆಕೆಡಿಸಿಕೊಳ್ಳುವುದು. ಫ್ಯಾಟಿ ಲಿವರ್‌ಗೆ ಹೆಪ್ಪುಗಟ್ಟುವ ಪ್ರೋಟೀನ್ ಕಟ್ಟಿಕೊಂಡು ಏನಾಗಬೇಕು? ಗೋಳಿಬಜೆ ಬಿಡಿ, ನಡೆಯಿರಿ. ಮುಗಿಯಿತು.

ಮಣಿಪಾಲ_ಪಿಜಿ_ರೂಮ್
@ಸಂಶಯದ_ಶ್ಯಾನುಭಾಗ ಪ್ಯಾಕೇಜ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಸಂಬಂಧ ಇಲ್ಲ ಅನ್ನುವುದು ಸರಿಯಲ್ಲ. ನಾನು ಓದುತ್ತಿರುವುದೇ ಇದರ ಹತ್ತಿರದ ವಿಷಯ, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಗಾಯ ಆದಾಗ ಥ್ರಾಂಬಿನ್ ಎಂಬ ಪ್ರೋಟೀನ್ ಫೈಬ್ರಿನೋಜನ್ನನ್ನು ಕತ್ತರಿಸಿ ಫೈಬ್ರಿನ್ ಮಾಡುತ್ತದೆ. ಫೈಬ್ರಿನ್ ಅಂದರೆ ಬಲೆ. ರಕ್ತದ ಕಣಗಳು ಅದರಲ್ಲಿ ಸಿಕ್ಕಿಕೊಂಡು ಹೆಪ್ಪು ಆಗುತ್ತದೆ. ಇಷ್ಟು ಪಿಯುಸಿ ಪಾಠ. ಪಾಠದಲ್ಲಿ ಇಲ್ಲದ್ದು ಏನೆಂದರೆ, ಥ್ರಾಂಬಿನ್ ಬೇರೆ ಕಡೆಯೂ ಕತ್ತರಿ ಆಡಿಸುತ್ತದೆ. ಜೀವಕೋಶಗಳ ಮೈಮೇಲೆ ಪಾರ್-1 ಅಂತ ಸ್ವಿಚ್‌ನ ಹಾಗಿನ ಒಂದು ರಿಸೆಪ್ಟರ್ ಇದೆ, 1991ರಲ್ಲಿ ಸಿಕ್ಕಿದ್ದು. ಥ್ರಾಂಬಿನ್ ಅದರ ಹೊರಗಿನ ತುದಿಯನ್ನು ಕತ್ತರಿಸಿದರೆ, ಉಳಿದ ತುದಿಯೇ ಮಡಚಿಕೊಂಡು ತನ್ನದೇ ಸ್ವಿಚ್ ಒತ್ತಿಬಿಡುತ್ತದೆ. ಲಿವರ್‌ನಲ್ಲಿ ಕಲೆಗಟ್ಟಿಸುವ ಸ್ಟೆಲೇಟ್ ಕೋಶಗಳ ಮೇಲೂ ಈ ಸ್ವಿಚ್ ಇದೆ. ಅದು ಒತ್ತಿಕೊಂಡರೆ ಅವು ನಾರು ಹಾಕಲು ಶುರು. ಪಾರ್-1 ಇಲ್ಲದ ಇಲಿಗಳಿಗೆ ಕೊಬ್ಬಿನ ಊಟ ಹಾಕಿದಾಗ ಲಿವರ್‌ನಲ್ಲಿ ಕೊಬ್ಬು ಕಮ್ಮಿ ಸೇರಿದ್ದನ್ನು 2011ರಲ್ಲೇ ತೋರಿಸಿದ್ದಾರೆ.

ನನಗೆ ಬಹಳ ಇಷ್ಟವಾದದ್ದು 2017ರ ಒಂದು ಕೆಲಸ. ಇಲಿಗಳ ಫೈಬ್ರಿನೋಜನ್‌ನಲ್ಲಿ ಒಂದು ಸಣ್ಣ ಜಾಗ ಮಾತ್ರ ಬದಲಾಯಿಸಿದರು. ಹೆಪ್ಪು ಸರಿಯಾಗಿಯೇ ಕಟ್ಟುತ್ತದೆ, ರಕ್ತಸ್ರಾವ ಇಲ್ಲ. ಆದರೆ ಆ ಬಲೆಯನ್ನು ಬಿಳಿ ರಕ್ತಕಣಗಳು ಹಿಡಿದುಕೊಳ್ಳುವ ಕೊಕ್ಕೆ ಮಾತ್ರ ಇಲ್ಲ. ಈ ಇಲಿಗಳಿಗೂ ಮಾಮೂಲಿ ಇಲಿಗಳಿಗೂ ಒಂದೇ ಕೊಬ್ಬಿನ ಊಟ. ಮಾಮೂಲಿಯವು ಉಬ್ಬಿದವು, ಲಿವರ್‌ನಲ್ಲಿ ಕೊಬ್ಬು ತುಂಬಿತು. ಕೊಕ್ಕೆ ಇಲ್ಲದವು ಅಷ್ಟು ತೂಕ ಏರಲಿಲ್ಲ, ಲಿವರ್ ಕೂಡ ಬಚಾವ್. ಅಂದರೆ ಕಾಟ ಕೊಟ್ಟದ್ದು ಹೆಪ್ಪಲ್ಲ. ಕೊಬ್ಬಿನ ಒಳಗೆ, ಲಿವರ್ ಒಳಗೆ ಕೂತ ಫೈಬ್ರಿನ್, ಬಿಳಿ ಕಣಗಳನ್ನು ಕೆರಳಿಸುತ್ತಾ ಇತ್ತು. ಥ್ರಾಂಬಿನ್ನನ್ನು ತಡೆಯುವ ಡಾಬಿಗಾಟ್ರಾನ್ ಕೊಟ್ಟಾಗಲೂ ಇಲಿಗಳ ತೂಕ ಏರುವುದು ಕಮ್ಮಿಯಾಯಿತು.

ಹಾಗಾಗಿ ಕೊಬ್ಬಿನಿಂದ ಹೆಪ್ಪಿನ ಪ್ರೋಟೀನ್ ಜಾಸ್ತಿ ಆಗುತ್ತದೆ, ಆ ಪ್ರೋಟೀನ್ ಪುನಃ ಕೊಬ್ಬಿಗೆ ಸಹಾಯ ಮಾಡುತ್ತದೆ. ಎರಡೂ ಕಡೆಯಿಂದ.

ಮಲ್ಪೆ_ಬಂದರು
ಬಲೆ ಅಂದ್ರಲ್ಲ, ಈಗ ಅರ್ಥ ಆಯಿತು. ಬಲೆ ಮೀನು ಹಿಡಿದರೆ ಲಾಭ, ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಬೋಟೇ ನಿಂತಿತು. ಬಲೆ ಅದೇ.

ಮಣಿಪಾಲ_ಪಿಜಿ_ರೂಮ್
@ಮಲ್ಪೆ_ಬಂದರು ಅಣ್ಣ ನನ್ನ ಗೈಡ್‌ಗಿಂತ ಚೆನ್ನಾಗಿ ಹೇಳಿದಿರಿ. ಬಲೆ ಕತ್ತರಿಸಲಿಕ್ಕೂ ಜನ ಇರುತ್ತಾರಲ್ಲ, ಮೈಯಲ್ಲಿ ಆ ಕೆಲಸ ಪ್ಲಾಸ್ಮಿನ್‌ನದ್ದು. ಪ್ಲಾಸ್ಮಿನ್‌ಗೆ ಕೆಲಸ ಶುರು ಮಾಡಲು ಬಿಡದ ಪ್ರೋಟೀನ್ ಒಂದುಂಟು, ಪಿಎಐ-1. ಹೊಟ್ಟೆಯ ಕೊಬ್ಬು, ಫ್ಯಾಟಿ ಲಿವರ್ ಇದ್ದವರಲ್ಲಿ ಇದು ಜಾಸ್ತಿ. ಅಂದರೆ ಬಲೆ ಹಾಕುವವರು ಜಾಸ್ತಿ, ಕತ್ತರಿಸುವವರ ಕೈ ಕಟ್ಟಿದೆ.

ಸಂಶಯದ_ಶ್ಯಾನುಭಾಗ
ಇಲಿ, ಇಲಿ, ಇಲಿ. ಇಲಿಗೆ ಎಂತದು ಕೊಟ್ಟರೂ ಗುಣ ಆಗುತ್ತದೆ. ಕ್ಯಾನ್ಸರ್ ಎಷ್ಟು ಸಲ ಗುಣ ಆಗಿದೆ ಇಲಿಗಳಿಗೆ, ಲೆಕ್ಕ ಇಟ್ಟಿದ್ದೀರಾ? ಮನುಷ್ಯರದ್ದು ಹೇಳಿ.

ಮಣಿಪಾಲ_ಪಿಜಿ_ರೂಮ್
ಹೇಳುತ್ತೇನೆ. ಅಮೆರಿಕದ ಇಂಡಿಯಾನಾದಲ್ಲಿ ಬರ್ನ್ ಅಂತ ಊರು. ಅಲ್ಲಿ ಆಮಿಶ್ ಪಂಗಡದವರು ಇದ್ದಾರೆ, ಕಾರು ಗೀರು ಇಲ್ಲದೆ ಕುದುರೆಗಾಡಿಯಲ್ಲಿ ಓಡಾಡುವವರು. ಒಳಗೊಳಗೇ ಮದುವೆ, ಹಾಗಾಗಿ ಒಂದು ಜೀನ್ ದೋಷ ಅಲ್ಲೇ ಸುತ್ತುತ್ತಾ ಇದೆ. ಆ ದೋಷ ಪಿಎಐ-1 ಜೀನ್‌ನದ್ದು. 2017ರಲ್ಲಿ 177 ಜನರನ್ನು ಪರೀಕ್ಷೆ ಮಾಡಿದರು. ಅವರಲ್ಲಿ 43 ಮಂದಿಗೆ ಜೀನ್‌ನ ಒಂದು ಪ್ರತಿ ಕೆಟ್ಟಿತ್ತು, ಪಿಎಐ-1 ಅರ್ಧದಷ್ಟೇ. ಇವರಲ್ಲಿ ಬರಿಹೊಟ್ಟೆಯ ಇನ್ಸುಲಿನ್ ಕಮ್ಮಿ, ಸಕ್ಕರೆ ಕಾಯಿಲೆ ಕಮ್ಮಿ. ಅದೇ ಮನೆತನಗಳಲ್ಲಿ ದೋಷ ಇಲ್ಲದವರಿಗಿಂತ ಸುಮಾರು 10 ವರ್ಷ ಜಾಸ್ತಿ ಬದುಕಿದ್ದೂ ಕಂಡುಬಂತು. ಎರಡೂ ಪ್ರತಿ ಕೆಟ್ಟವರಿಗೆ ಮಾತ್ರ ರಕ್ತ ನಿಲ್ಲದ ತೊಂದರೆ. ಒಂದು ಕೆಟ್ಟರೆ ಅದೃಷ್ಟ, ಎರಡು ಕೆಟ್ಟರೆ ಆಸ್ಪತ್ರೆ.

ಸಂಶಯದ_ಶ್ಯಾನುಭಾಗ
ಕುದುರೆಗಾಡಿಯಲ್ಲಿ ಓಡಾಡಿ ಹೊಲದಲ್ಲಿ ದುಡಿಯುವವರು ಹೇಗೂ ಜಾಸ್ತಿ ಬದುಕುತ್ತಾರೆ.

ಮಣಿಪಾಲ_ಪಿಜಿ_ರೂಮ್
ಹೋಲಿಸಿದ್ದು ಅವರನ್ನು ಅವರ ನೆಂಟರ ಜೊತೆಗೇ ಸರ್. ಎಲ್ಲರದ್ದೂ ಅದೇ ಕುದುರೆಗಾಡಿ.

ಗಡ್‌ಬಡ್_ಪ್ರಿಯ
ಶ್ಯಾನುಭಾಗರಿಗೆ ಗೋಲು 😂

ಹೆಬ್ರಿ_ತೋಟದವ
ಥ್ರಾಂಬಿನ್ ತಡೆಯುವ ಔಷಧಿ ಅಂದ್ರಲ್ಲ, ನಮ್ಮಲ್ಲಿ ಮಳೆಗಾಲದಲ್ಲಿ ಪುಕ್ಕಟೆ ಸಿಗುತ್ತದೆ. ಉಂಬಳ, ಕಾಡಿನ ಜಿಗಣೆ! ತೋಟಕ್ಕೆ ಹೋಗಿ ಬಂದು ಕಾಲು ನೋಡಿದರೆ ಕಚ್ಚಿದ್ದು ಬಿದ್ದುಹೋಗಿರುತ್ತದೆ, ರಕ್ತ ಮಾತ್ರ ಇಳಿಯುತ್ತಲೇ ಇರುತ್ತದೆ. ಬೀಡಿ ಎಲೆ ಚೂರು ಅಂಟಿಸಿದರೂ ನೆನೆದು ಜಾರುತ್ತದೆ. ಮನೆಯ ಸಿಮೆಂಟ್ ನೆಲದಲ್ಲಿ ಒಂದೊಂದು ಹೆಜ್ಜೆಗೂ ಕೆಂಪು ಬೊಟ್ಟು, ಅಮ್ಮ ಹಿಂದೆ ಒರೆಸುವ ಬಟ್ಟೆ ಹಿಡಿದುಕೊಂಡು ಬೈಯುತ್ತಾ ಬರುವುದು. ಅದರ ಜೊಲ್ಲಿನಲ್ಲಿ ಹಿರುಡಿನ್ ಅಂತ ಉಂಟಂತೆ.

ಮಣಿಪಾಲ_ಪಿಜಿ_ರೂಮ್
ಸಣ್ಣ ತಿದ್ದುಪಡಿ. ಹಿರುಡಿನ್ ಕೆರೆಯಲ್ಲಿರುವ ಔಷಧಿ ಜಿಗಣೆಯದ್ದು. ಕಾಡಿನ ಉಂಬಳದ ಜಾತಿಯಲ್ಲಿ ಅದರ ತಮ್ಮನ ಹಾಗಿನ ಬೇರೆ ಪ್ರೋಟೀನ್, ಹೆಮಾಡಿನ್. ಎರಡೂ ಥ್ರಾಂಬಿನ್ನನ್ನೇ ಹಿಡಿಯುವುದು. ಜಿಗಣೆಯ ಸಾರದಿಂದ ರಕ್ತ ಹೆಪ್ಪುಗಟ್ಟುವುದಿಲ್ಲ ಅಂತ 1884ರಲ್ಲೇ ತೋರಿಸಿದ್ದರು. ಆಮೇಲೆ ಅದನ್ನು ನೋಡಿಯೇ ಔಷಧಿಗಳನ್ನೂ ಮಾಡಿದರು.

ಬಿಜೈ_ಬಾಡಿಗೆಮನೆ
ಹಾಗಾದರೆ ಪಾಠ ಏನು, ರಕ್ತ ತೆಳು ಮಾಡುವ ಮಾತ್ರೆ ತಿಂದರೆ ಲಿವರ್‌ನ ಕೊಬ್ಬು ಇಳಿಯುತ್ತದಾ? ಚಿಕ್ಕಪ್ಪನ ಮನೆಯಲ್ಲಿ ಆಸ್ಪಿರಿನ್ ಡಬ್ಬಿಯೇ ಉಂಟು.

ಲ್ಯಾಬಿನವಳು_ಉಡುಪಿ
ಬೇಡ ಬೇಡ ಬೇಡ. ದಯವಿಟ್ಟು ಬೇಡ.

ಮಣಿಪಾಲ_ಪಿಜಿ_ರೂಮ್
ಅಕ್ಕ ಹೇಳಿದ್ದೇ ನಾನೂ ಹೇಳುವುದು. ಆಸ್ಪಿರಿನ್ ಈ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡುವುದೂ ಅಲ್ಲ, ಅದು ಪ್ಲೇಟ್‌ಲೆಟ್ ಮೇಲೆ. 2024ರಲ್ಲಿ 80 ಜನರ ಮೇಲೆ ಒಂದು ಪ್ರಯೋಗ ಪ್ರಕಟವಾಗಿದೆ, ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್, 6 ತಿಂಗಳು. ಲಿವರ್‌ನ ಕೊಬ್ಬು ಇಳಿದದ್ದು ಹೌದು. ಆದರೆ 80 ಜನ, 6 ತಿಂಗಳು ಅಂದರೆ ಶುರುವಾತು ಅಷ್ಟೇ. ಹೊಟ್ಟೆಯಲ್ಲಿ ಹುಣ್ಣು ಇದ್ದು ಗೊತ್ತಿಲ್ಲದವನು ತಿಂದರೆ ರಕ್ತವಾಂತಿ ಆಗಬಹುದು. ಡಾಬಿಗಾಟ್ರಾನ್, ವಾರ್ಫರಿನ್ ಅಂತೂ ಫ್ಯಾಟಿ ಲಿವರ್‌ಗೆ ಯಾರೂ ಬರೆಯುವುದಿಲ್ಲ.

ಅಮ್ಮನ_ಬಸಳೆ
ವಾರ್ಫರಿನ್ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಅಮ್ಮನಿಗೆ ಹಾರ್ಟ್‌ನ ವಾಲ್ವ್ ಬದಲಾಯಿಸಿ ಒಂಬತ್ತು ವರ್ಷ. ವಾರ್ಫರಿನ್ ತಪ್ಪಿಸುವ ಹಾಗಿಲ್ಲ. ಅವರಿಗೆ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು. ಹೋದ ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ಇದ್ದಕ್ಕಿದ್ದಂತೆ 1.6. ಡಾಕ್ಟರರು ಮಾತ್ರೆ ಮರೆತಿರಾ ಅಂತ ಬೈದರು. ಅಮ್ಮ ಮಾತ್ರೆಯ ಖಾಲಿ ಪಟ್ಟಿ ಎಲ್ಲ ತೆಗೆದು ತೋರಿಸಿದರು, ಒಂದೂ ತಪ್ಪಿಲ್ಲ.

ಆಮೇಲೆ ಅಡಿಗೆಮನೆಯ ಲೆಕ್ಕ ತೆಗೆದೆವು. ಸೋಮವಾರ ಪತ್ರೊಡೆ, ಬುಧವಾರ ತಜಂಕ್ ಪಲ್ಯ, ಮಧ್ಯೆ ದಿನಾ ತಿಮರೆ ಚಟ್ನಿ, ಭಾನುವಾರ ಬಸಳೆ ಮರ್ವಾಯಿ. ಆಟಿಯಲ್ಲಿ ಸೊಪ್ಪು ತಿನ್ನಬೇಕು ಅಂತ ಅಜ್ಜಿ ಕಾಲದಿಂದ ಬಂದದ್ದಲ್ಲವಾ. ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ, ವಾರ್ಫರಿನ್ ಮಾಡುವುದೇ ವಿಟಮಿನ್ ಕೆ ಕೆಲಸವನ್ನು ತಡೆಯುವುದು. ಸೊಪ್ಪು ಜಾಸ್ತಿಯಾಯಿತು, ಮಾತ್ರೆ ಸೋತಿತು.

ಇನ್ನೊಂದು ಕಡೆ ತೋರಿಸಿದಾಗ ಅವರು ಸೊಪ್ಪನ್ನು ಮುಟ್ಟಲೇಬೇಡಿ ಅಂದರು. ಅಮ್ಮ ಅತ್ತೇ ಬಿಟ್ಟರು, ಬಸಳೆ ಚಪ್ಪರ ಹಾಕಿದ್ದೇ ಅವರು. ಮೂರನೆಯವರು, ಪ್ರಾಯದ ಡಾಕ್ಟರ್, ಪುಣ್ಯಾತ್ಮ, ಹೇಳಿದ್ದು ಇಷ್ಟೇ: "ಅಮ್ಮ, ಸೊಪ್ಪು ತಿನ್ನಿ. ದಿನಾ ಒಂದೇ ಅಂದಾಜಿನಲ್ಲಿ ತಿನ್ನಿ, ಮಾತ್ರೆಯ ಲೆಕ್ಕ ನಾನು ಅದಕ್ಕೆ ಹೊಂದಿಸುತ್ತೇನೆ." ಈಗ ವಾರಕ್ಕೆ ಎರಡು ದಿನ ಬಸಳೆ, ಒಂದು ಸಣ್ಣ ಲೋಟದಲ್ಲಿ ಅಳೆದು. ಐಎನ್‌ಆರ್ ನೇರ ನಿಂತಿದೆ.

ಶೆಟ್ರ_ಕ್ಯಾಂಟೀನ್
ಬಸಳೆ ಮರ್ವಾಯಿ ಅಂತ ಓದಿ ಮಧ್ಯಾಹ್ನದವರೆಗೆ ಕೆಲಸ ಆಗಲಿಲ್ಲ.

ಮಣಿಪಾಲ_ಪಿಜಿ_ರೂಮ್
ವಿಟಮಿನ್ ಕೆಯ 'ಕೆ' ಬಂದದ್ದೇ ಹೆಪ್ಪುಗಟ್ಟುವುದು ಎಂಬ ಡ್ಯಾನಿಷ್, ಜರ್ಮನ್ ಪದದಿಂದ, ಕೋಆಗುಲೇಶನ್ ಅಂತ, ಅಲ್ಲಿ ಅದನ್ನು ಕೆ ಅಕ್ಷರದಲ್ಲಿ ಬರೆಯುತ್ತಾರೆ. ಹೆನ್ರಿಕ್ ಡ್ಯಾಮ್ ಅಂತ ಡೆನ್ಮಾರ್ಕ್‌ನವರು ಕಂಡುಹಿಡಿದದ್ದು, 1943ರ ನೊಬೆಲ್. ಲಿವರ್ ಮಾಡುವ 2, 7, 9, 10ನೇ ನಂಬರಿನ ಫ್ಯಾಕ್ಟರ್‌ಗಳಿಗೆ, ಅಂದರೆ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳಿಗೆ, ಇದು ಬೇಕೇ ಬೇಕು. ಇನ್ನೊಂದು ಮಜಾ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಇಂಜೆಕ್ಷನ್ ಮೊದಲು ಸಿಕ್ಕಿದ್ದು 1916ರಲ್ಲಿ, ನಾಯಿಯ ಲಿವರ್‌ನಲ್ಲಿ. ಹೆಪಾರ್ ಅಂದರೆ ಗ್ರೀಕ್‌ನಲ್ಲಿ ಲಿವರ್.

ದುಬೈಯಿಂದ_ಕುಂದಾಪುರ
ನನಗೆ ಒಂದು ಸಿಟ್ಟು ಉಂಟು, ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಮಾವನಿಗೆ ಸಿರೋಸಿಸ್, ಕುಡಿತದಿಂದ ಅಲ್ಲ, ಸಕ್ಕರೆ ಕಾಯಿಲೆ ಮತ್ತು ಫ್ಯಾಟಿ ಲಿವರ್‌ನಿಂದ. ಐಎನ್‌ಆರ್ 1.8. ಒಂದು ಆಸ್ಪತ್ರೆಯಲ್ಲಿ (ಹೆಸರು ಬೇಡ) ಹೇಳಿದರು, ಇವರ ರಕ್ತ ಹೇಗೂ ತೆಳು, ಹೆಪ್ಪಿನ ಚಿಂತೆ ಇಲ್ಲ ಅಂತ. ಎರಡು ತಿಂಗಳಲ್ಲಿ ಹೊಟ್ಟೆ ಊದಿಕೊಂಡಿತು. ಸ್ಕ್ಯಾನ್ ಮಾಡಿದರೆ ಲಿವರ್‌ಗೆ ಹೋಗುವ ಪೋರ್ಟಲ್ ರಕ್ತನಾಳದಲ್ಲೇ ಹೆಪ್ಪು! ತೆಳು ರಕ್ತದಲ್ಲಿ ಹೆಪ್ಪು ಹೇಗೆ ಕಟ್ಟಿತು ಅಂತ ನಾನು ಅವತ್ತಿಂದ ಕೇಳುತ್ತಾ ಇದ್ದೇನೆ, ಯಾರೂ ಸರಿಯಾಗಿ ಹೇಳಲಿಲ್ಲ.

ಲ್ಯಾಬಿನವಳು_ಉಡುಪಿ
ಅಯ್ಯೋ ಅಣ್ಣ. ನಾನು ನನ್ನ ಬೆಂಚಿನಿಂದ ಹೇಳುತ್ತೇನೆ. ಪಿಟಿ ಟೆಸ್ಟ್‌ಗೆ ನಾವು ತೆಗೆಯುವುದು ನೀಲಿ ಮುಚ್ಚಳದ ಟ್ಯೂಬ್. ಅದರೊಳಗೆ ಮೊದಲೇ ಸ್ವಲ್ಪ ಸಿಟ್ರೇಟ್ ಇರುತ್ತದೆ, ಒಂದು ಪಾಲು ಅದು, ಒಂಬತ್ತು ಪಾಲು ರಕ್ತ. ಗೆರೆಯವರೆಗೆ ತುಂಬಲೇಬೇಕು, ಕಮ್ಮಿಯಾದರೆ ರಿಪೋರ್ಟ್ ತಪ್ಪು ಬರುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಡುತ್ತದೆ, ಹಾಗಾಗಿ ಹೆಪ್ಪು ಕಟ್ಟುವುದಿಲ್ಲ. ಆಮೇಲೆ ಟ್ಯೂಬನ್ನು ತಿರುಗಿಸಿ, ಮೇಲಿನ ಹಳದಿ ಪ್ಲಾಸ್ಮಾ ತೆಗೆದು, ಕ್ಯಾಲ್ಸಿಯಂ ಇರುವ ದ್ರಾವಣ ಹಾಕಿ ಸೆಕೆಂಡ್ ಎಣಿಸುವುದು. ಆರೋಗ್ಯವಂತರಿಗೆ ಹೆಚ್ಚುಕಮ್ಮಿ 11ರಿಂದ 13 ಸೆಕೆಂಡ್.

ಈ ಟೆಸ್ಟ್ ನೋಡುವುದು ಹೆಪ್ಪು ಕಟ್ಟಿಸುವವರನ್ನು ಮಾತ್ರ. ಹೆಪ್ಪನ್ನು ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಇವೂ ಲಿವರ್‌ದ್ದೇ ಕೂಸುಗಳು. ಲಿವರ್ ಸೋತಾಗ ಅವೂ ಕಮ್ಮಿಯಾಗುತ್ತವೆ, ಅದು ಈ ಟೆಸ್ಟ್‌ಗೆ ಕಾಣುವುದೇ ಇಲ್ಲ. ಮೇಲಿಂದ 8ನೇ ಫ್ಯಾಕ್ಟರ್ ಸಿರೋಸಿಸ್‌ನಲ್ಲಿ ಏರುತ್ತದೆ. ತಕ್ಕಡಿಯ ಎರಡೂ ತಟ್ಟೆಯಿಂದ ತೂಕ ತೆಗೆದ ಹಾಗೆ. ಮುಳ್ಳು ನಡುವೆಯೇ ನಿಂತಿರಬಹುದು, ಆದರೆ ಸಣ್ಣ ಗಾಳಿಗೂ ಆ ಕಡೆ ಈ ಕಡೆ ವಾಲುತ್ತದೆ. ಐಎನ್‌ಆರ್ 1.8 ಅಂದರೆ ರಕ್ಷಣೆ ಅಲ್ಲ.

ಮಣಿಪಾಲ_ಪಿಜಿ_ರೂಮ್
ಅಕ್ಕ ಸೂಪರ್. ಪೋರ್ಟಲ್ ನಾಳದ ಹೆಪ್ಪು ಬೇರೆ ಕಾರಣದ ಸಿರೋಸಿಸ್‌ಗಿಂತ ಫ್ಯಾಟಿ ಲಿವರ್‌ನಿಂದ ಆದ ಸಿರೋಸಿಸ್‌ನಲ್ಲಿ ಜಾಸ್ತಿ ಕಾಣುತ್ತದೆ ಅಂತಲೂ ವರದಿ ಇದೆ. ಕಾರಣ ಮೇಲೆ ಹೇಳಿದ್ದೇ, ಈ ಕಾಯಿಲೆ ಶುರುವಿನಿಂದಲೇ ಹೆಪ್ಪಿನ ಕಡೆ ವಾಲಿಕೊಂಡಿರುತ್ತದೆ.

ದುಬೈಯಿಂದ_ಕುಂದಾಪುರ
ಥ್ಯಾಂಕ್ಸ್ ಅಕ್ಕ. ಮಾವ ಈಗ ಇಲ್ಲ. ಆದರೂ ಗೊತ್ತಾದದ್ದು ಒಳ್ಳೆಯದಾಯಿತು.

ಅಮ್ಮನ_ಬಸಳೆ
🙏

ಹೆಬ್ರಿ_ತೋಟದವ
ಬೇಸರದ ವಿಷಯ. ನಾನು ಸ್ವಲ್ಪ ಬೇರೆ ದಾರಿ ಹಿಡಿಯುತ್ತೇನೆ, ಬೈಯಬೇಡಿ. ಅಡಿಕೆ ಹೆಕ್ಕುವಾಗ ನಮ್ಮ ಕೆಲಸದವರಿಗೆ ಕೊಳಕುಮಂಡಲ ಕಚ್ಚಿತ್ತು. ಆಸ್ಪತ್ರೆಯಲ್ಲಿ ದೊಡ್ಡ ಮೆಷಿನ್ ಎಲ್ಲ ಬಿಟ್ಟು, ಒಂದು ಗಾಜಿನ ಟ್ಯೂಬ್‌ನಲ್ಲಿ ಎರಡು ಎಂಎಲ್ ರಕ್ತ ಹಾಕಿ, ಅಲ್ಲಾಡಿಸದೆ ಕಿಟಕಿ ಹತ್ತಿರ ಇಟ್ಟು, ಗಡಿಯಾರ ನೋಡುತ್ತಾ ಕೂತರು. 20 ನಿಮಿಷ ಆದ ಮೇಲೆ ಓರೆ ಮಾಡಿದರು. ನೀರಿನ ಹಾಗೆ ಹರಿಯಿತು. ಕೂಡಲೇ ಇಂಜೆಕ್ಷನ್ ಶುರು. ಆ ವಿಷ ಹೆಪ್ಪಿನ ಸಾಮಾನನ್ನೆಲ್ಲ ಒಟ್ಟಿಗೆ ಖರ್ಚು ಮಾಡಿ ಮುಗಿಸಿಬಿಡುತ್ತದಂತೆ. ಮರುದಿನ ಪುನಃ ಟ್ಯೂಬ್ ಓರೆ ಮಾಡಿದರೆ ಗಟ್ಟಿ ನಿಂತಿತ್ತು. ರಾತ್ರಿ ಬೆಳಗಾಗುವುದರೊಳಗೆ ಲಿವರ್ ಅಷ್ಟು ಮಾಡಿ ಹಾಕಿತ್ತು! ಅವತ್ತಿಂದ ಲಿವರ್ ಬಗ್ಗೆ ನನಗೆ ಮರ್ಯಾದೆ.

ಗಡ್‌ಬಡ್_ಪ್ರಿಯ
ಮರ್ಯಾದೆ ಇಟ್ಟುಕೊಂಡು ಟೆಸ್ಟ್ ಮಾಡಿಸದೆ ಕೂತಿದ್ದೀರಿ.

ಬಿಜೈ_ಬಾಡಿಗೆಮನೆ
ಎಲ್ಲ ಓದಿದೆ, ಎರಡು ಸಲ. ಈಗ ನೇರ ಹೇಳಿ, ನನ್ನ ಲಿವರ್‌ನಲ್ಲಿ ಕಲೆಗಟ್ಟಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ? ಐಎನ್‌ಆರ್ 1.0 ಇದ್ದರೆ ಸಾಕಾ?

ಮಣಿಪಾಲ_ಪಿಜಿ_ರೂಮ್
ಐಎನ್‌ಆರ್‌ನಿಂದ ಗೊತ್ತಾಗುವುದಿಲ್ಲ, ಅದು ಕೊನೆಯವರೆಗೆ ಸರಿಯಾಗಿಯೇ ಇರುತ್ತದೆ. ಫಿಬ್-4 ಅಂತ ಒಂದು ಲೆಕ್ಕ ಉಂಟು, ನಿಮ್ಮ ಹತ್ತಿರ ಇರುವ ನಂಬರ್‌ಗಳೇ ಸಾಕು. ಪ್ರಾಯವನ್ನು ಎಸ್‌ಜಿಒಟಿಯಿಂದ ಗುಣಿಸಿ. 46 × 44 = 2024. ಪ್ಲೇಟ್‌ಲೆಟ್ 235 (ಸಾವಿರದ ಲೆಕ್ಕ), ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. 62ರ ವರ್ಗಮೂಲ 7.87, ಒಟ್ಟು ಸುಮಾರು 1850. ಭಾಗಿಸಿದರೆ 1.09. ಇದು 1.3ಕ್ಕಿಂತ ಕಮ್ಮಿ ಇದ್ದರೆ ಗಟ್ಟಿ ಕಲೆ ಇರುವ ಸಾಧ್ಯತೆ ಕಮ್ಮಿ. 2.67 ದಾಟಿದರೆ ಲಿವರ್ ಡಾಕ್ಟರ ಹತ್ತಿರ ಓಡಬೇಕು. ಮಧ್ಯದಲ್ಲಿ ಇದ್ದರೆ ಫೈಬ್ರೋಸ್ಕ್ಯಾನ್, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡುವ ಸ್ಕ್ಯಾನ್. 65 ದಾಟಿದವರಿಗೆ 1.3ರ ಬದಲು 2.0 ಇಟ್ಟುಕೊಳ್ಳುತ್ತಾರೆ. ಇದು ಸೋಸುವ ಜರಡಿ ಮಾತ್ರ, ಡಾಕ್ಟರಿಗೆ ತೋರಿಸಿಯೇ ಮುಂದೆ ಹೋಗಿ.

ಸಂಶಯದ_ಶ್ಯಾನುಭಾಗ
ಇದು ನನಗೆ ಇಷ್ಟವಾಯಿತು. ದುಡ್ಡಿಲ್ಲದ ಟೆಸ್ಟ್. ನಂದು ಈಗಲೇ ಮಾಡಿದೆ, 1.7. ಪ್ರಾಯ 68. ಸರಿ ಉಂಟಲ್ಲ?

ಮಣಿಪಾಲ_ಪಿಜಿ_ರೂಮ್
ನಿಮ್ಮ ಪ್ರಾಯಕ್ಕೆ ಗೆರೆಯ ಒಳಗೆ ಉಂಟು ಸರ್ 🙂

ಶೆಟ್ರ_ಕ್ಯಾಂಟೀನ್
ಮದ್ದು ಇಲ್ಲವಾ ಇದಕ್ಕೆ? ಈಗ ಎಲ್ಲದಕ್ಕೂ ಇಂಜೆಕ್ಷನ್ ಬಂದಿದೆ ಅಂತಾರೆ.

ಮಣಿಪಾಲ_ಪಿಜಿ_ರೂಮ್
ಬಂದಿದೆ. ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ರೆಸ್ಮೆಟಿರಾಮ್ ಮಾತ್ರೆಗೆ, 2025ರ ಆಗಸ್ಟ್‌ನಲ್ಲಿ ಸೆಮಾಗ್ಲುಟೈಡ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಎರಡೂ ಉರಿಯೂತ, ಕಲೆ ಆದವರಿಗೆ, ಆದರೆ ಸಿರೋಸಿಸ್ ಆಗದವರಿಗೆ. ಬರೀ ಕೊಬ್ಬು ಇದ್ದವರಿಗೆ ತೂಕವೇ ಮದ್ದು. ಮೈತೂಕದ 5% ಇಳಿದರೆ ಲಿವರ್‌ನ ಕೊಬ್ಬು ಕರಗಲು ಶುರು, 7ರಿಂದ 10% ಇಳಿದರೆ ಉರಿಯೂತವೂ ತಣಿಯುತ್ತದೆ. ಹೆಸರೂ ಬದಲಾಗಿದೆ, 2023ರಿಂದ ಎಂಎಎಸ್‌ಎಲ್‌ಡಿ ಅಂತ. ಬಾಯಲ್ಲಿ ಹೊರಳುವುದಿಲ್ಲ, ಹಾಗಾಗಿ ನಾವು ಫ್ಯಾಟಿ ಲಿವರ್ ಅಂತಲೇ ಹೇಳೋಣ.

ಲ್ಯಾಬಿನವಳು_ಉಡುಪಿ
ಒಂದು ಮಾತು. ಬರಿಹೊಟ್ಟೆಯಲ್ಲಿ ಬನ್ನಿ ಅಂದರೆ ಬರಿಹೊಟ್ಟೆಯಲ್ಲಿ ಬನ್ನಿ ಮಾರಾಯ್ರೆ. ಮದುವೆ ಊಟ ಮಾಡಿ, ಮೇಲೆ ಐಸ್‌ಕ್ರೀಂ ತಿಂದು ನೇರ ಲ್ಯಾಬ್‌ಗೆ ಬರುವವರು ಇದ್ದಾರೆ. ಟ್ಯೂಬ್ ತಿರುಗಿಸಿ ತೆಗೆದರೆ ಮೇಲೆ ಹಳದಿ ಬದಲು ಬಿಳಿ, ಎಮ್ಮೆ ಹಾಲಿನ ಹಾಗೆ. ಬೆಳಕು ಹಾಯಿಸಿ ಹೆಪ್ಪು ನೋಡುವ ಮೆಷಿನ್‌ಗೆ ಆ ಹಾಲಿನೊಳಗೆ ಏನೂ ಕಾಣುವುದಿಲ್ಲ. ಒಮ್ಮೆ ಒಬ್ಬರಿಗೆ ಟ್ಯೂಬನ್ನೇ ತೋರಿಸಿದೆ. ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ "ಇದು ನನ್ನದಾ?" ಅಂದರು.

ಶೆಟ್ರ_ಕ್ಯಾಂಟೀನ್
ಇವತ್ತು ಸಂಜೆ ಬಜೆ ಎಣ್ಣೆಗೆ ಬಿಡುವಾಗ ನಿಮ್ಮ ಟ್ಯೂಬ್ ನೆನಪಾಗುತ್ತದೆ. ವ್ಯಾಪಾರ ಹಾಳು ಮಾಡಿದಿರಿ ಅಕ್ಕ.

ಬಿಜೈ_ಬಾಡಿಗೆಮನೆ
ಮೂರೂವರೆ ತಿಂಗಳಾಯಿತು, ಹೇಳಿ ಹೋಗೋಣ ಅಂತ ಬಂದೆ. ಹಲ್ಲು ಕೀಳಿಸಿದೆ. ರಾತ್ರಿ ಅನ್ನ ಬಿಟ್ಟೆ, ಕುಚ್ಚಲಕ್ಕಿ ಗಂಜಿ ಮಧ್ಯಾಹ್ನ ಒಂದೇ ಹೊತ್ತು. ಬಂಗುಡೆ ಕಾಯಿಸುವುದು ಬಿಟ್ಟು ಪುಳಿಮುಂಚಿ. ಬೆಳಿಗ್ಗೆ ಕದ್ರಿ ಪಾರ್ಕ್‌ನಲ್ಲಿ ಸುತ್ತು, ಮಳೆ ಬಂದರೆ ಮನೆಯ ಮೆಟ್ಟಿಲು. ತೂಕ 79. ಎಸ್‌ಜಿಪಿಟಿ 41. ಫೈಬ್ರಿನೋಜನ್ ಪುನಃ ಮಾಡಿಸಬೇಡಿ ಅಂತ ಡಾಕ್ಟರ್ ಹೇಳಿದ್ದರು, ಕೇಳಲಿಲ್ಲ, ನನ್ನ ದುಡ್ಡಲ್ಲೇ ಮಾಡಿಸಿದೆ. 352.

ಮಣಿಪಾಲ_ಪಿಜಿ_ರೂಮ್
84ರಿಂದ 79 ಅಂದರೆ ಸುಮಾರು 6%! ನಾನು ಹೇಳಿರಲಿಲ್ಲವಾ.

ಸಂಶಯದ_ಶ್ಯಾನುಭಾಗ
ಫೈಬ್ರಿನೋಜನ್ ಇಳಿದದ್ದು ಹಲ್ಲು ಕಿತ್ತದ್ದಕ್ಕೆ.

ಮಣಿಪಾಲ_ಪಿಜಿ_ರೂಮ್
ತೂಕಕ್ಕೆ.

ಸಂಶಯದ_ಶ್ಯಾನುಭಾಗ
ಹಲ್ಲಿಗೆ.

ಹೆಬ್ರಿ_ತೋಟದವ
ಇಬ್ಬರೂ ಸುಮ್ಮನಿರಿ. ಕಿತ್ತ ಹಲ್ಲು ಎಷ್ಟು ಗ್ರಾಂ ಇತ್ತು ಅಂತ ಕೇಳಿ ಮೊದಲು, ಅದನ್ನೂ ತೂಕದಲ್ಲಿ ಕಳೆಯಬೇಕಲ್ಲ.